ರೆಗ್ಯುಲೇಟರ್ ಯಾರ್ ಬಂದ್ ಮಾಡ್ತಾರ?

ಭಾನುವಾರದಿಂದ, ಉಗಿ ಇಂಜಿನ್ನಿಗೆ ತಾನೇ ಬ್ರೇಕ್ ಹಾಕುವ ಸಾಧನ ಕೂರಿಸುವ ಬಗ್ಗೆ ಕಾಕಾ ಕೇಳಿದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಬ್ರೇಕ್ ಮಷೀನ್ ಹಾಕ್ತದ, ಖರೆ. ರೆಗ್ಯುಲೇಟರ್ ಯಾರ್ ಬಂದ್ ಮಾಡ್ತಾರ?"

ಕಾಕಾ ಕಲ್ಲಿದ್ದಲು ಇಂಜಿನ್ನಿನಲ್ಲಿ ಫೈರ್‌ಮನ್, ಅಂದರೆ ಬೆಂಕಿಗೆ ಕಲ್ಲಿದ್ದಲು ಹಾಕುವವರಾಗಿ ಸೇರಿದವರು. ಎದುರಿಗೆ ಊಟಕ್ಕೆ ಕೂತಿದ್ದವನು ಅಕ್ಕನ ಮಗ, ಸಿಗ್ನಲ್ ಕೆಲಸದವನು. ರೈಲು ಡಿಕ್ಕಿ ತಪ್ಪಿಸುವ ನಮ್ಮ ದೇಶದ ಕವಚ್ ವ್ಯವಸ್ಥೆಯ ಮಾತು ಬಂದರೆ ಅವನಿಗೆ ರೊಟ್ಟಿ ಆರುವುದೂ ಗೊತ್ತಾಗುವುದಿಲ್ಲ. ನಮಗೂ ಅದರ ಬಗ್ಗೆ ಹೆಮ್ಮೆ ಇರಬೇಕು. ಅದರ ಪರೀಕ್ಷೆಗಳು ನಡೆದದ್ದೇ ನಮ್ಮ ವಾಡಿ–ವಿಕಾರಾಬಾದ್–ಬೀದರ್ ಹಳಿಗಳ ಮೇಲೆ. 2016ರ ಫೆಬ್ರವರಿಯಲ್ಲಿ ಪ್ರಯಾಣಿಕರ ರೈಲಿನಲ್ಲೂ ಶುರುವಾಯಿತು. ಹಳಿ ಕೆಳಗಿನ ಅಡ್ಡ ದಿಮ್ಮಿಗಳ (ಸ್ಲೀಪರ್) ಮೇಲಿನ ಟ್ಯಾಗ್‌ನಿಂದ ರೈಲು ಎಲ್ಲಿದೆ ಅಂತ ತಿಳಿಯುತ್ತದೆ. ಮುಂದಿನ ಸಿಗ್ನಲ್ ಏನಿದೆ ಅನ್ನುವುದು ರೇಡಿಯೋದಲ್ಲಿ ಬರುತ್ತದೆ. ರೈಲು ಕೆಂಪು ದಾಟುವಂತಿದ್ದರೆ ಬ್ರೇಕ್ ತಾನೇ ಬೀಳುತ್ತದೆ.

ಇಂಗ್ಲೆಂಡಿನ 'ಟೊರ್ನೇಡೊ' ಉಗಿ ಇಂಜಿನ್ನಿಗೂ ಇಂಥದ್ದೇ ಯುರೋಪಿನ ವ್ಯವಸ್ಥೆ ಇಟಿಸಿಎಸ್ ಕೂರಿಸಿದ್ದಾರೆ ಅಂತ ಹುಡುಗ ಹೇಳಿದ. ಆ ಜಾತಿಯ 49 ಇಂಜಿನ್‌ಗಳೂ ಗುಜರಿಗೆ ಹೋಗಿದ್ದವು. ಜನರೇ ಹಣ ಹಾಕಿ, ಹಳೆ ನಕ್ಷೆ ಹಿಡಿದು, 2008ರಲ್ಲಿ ಹೊಸದಾಗಿ ಕಟ್ಟಿ ಮುಗಿಸಿದ್ದು ಅದು. "ನಮ್ಮ ಹಳೇವಕ್ಕೂ ಹಾಕಬಹುದು" ಅಂದ. ಆಗಲೇ ಕಾಕಾ ಆ ಪ್ರಶ್ನೆ ಕೇಳಿದ್ದು.

ಹುಡುಗ ಸುಮ್ಮನಾದ. ಜಾಣ, ಆದರೆ ಬಾಯ್ಲರ್ ಬಿಸಿ ಕಂಡವನಲ್ಲ. ಕರೆಂಟ್ ಇಂಜಿನ್ನಿನಲ್ಲಿ ಮೋಟಾರಿಗೆ ಹೋಗುವ ಕರೆಂಟ್ ಕಡಿದರೆ ಎಳೆತ ನಿಂತಿತು. ಉಗಿಯನ್ನು ಬಿಡುವ ರೆಗ್ಯುಲೇಟರ್ ಮಾತ್ರ ಡ್ರೈವರ್ ಕೈಯಲ್ಲಿರುವ ಬರೀ ಒಂದು ಹಿಡಿಕೆ. ಬ್ರೇಕ್ ಬಿದ್ದರೂ ಅದು ತೆರೆದೇ ಇದ್ದರೆ ಇಂಜಿನ್ ಎಳೆಯುತ್ತಲೇ ಇರುತ್ತದೆ. ಇದು ಸಾಲದು ಅಂತ ಕಂಪ್ಯೂಟರಿಗೆ ಕರೆಂಟ್ ಬೇರೆ ಬೇಕು, ಕಲ್ಲಿದ್ದಲ ಧೂಳು ಮತ್ತು ಕುಲುಕಾಟದಿಂದ ಅದನ್ನು ಕಾಯಬೇಕು. ನಮ್ಮ ಹಳೆ ಇಂಜಿನ್‌ಗಳದ್ದು ಗಾಳಿ ಹೀರಿ ನಡೆಸುವ ವ್ಯಾಕ್ಯೂಮ್ ಬ್ರೇಕ್, ಈಗಿನ ಬೋಗಿಗಳದ್ದು ಒತ್ತಿದ ಗಾಳಿಯ ಏರ್ ಬ್ರೇಕ್, ಅವೂ ಒಂದಕ್ಕೊಂದು ಹೊಂದುವುದಿಲ್ಲ.

ಕಾಕಾ ಹೊಸದನ್ನು ಬೇಡ ಅಂತಿದ್ದಾರೆ ಅಂತ ಅಕ್ಕ ತಿಳಿದುಕೊಂಡಳು. ಅವಳಿಗೆ ಎಲ್ಲರ ಬಗ್ಗೆಯೂ ತೀರ್ಪು ಬೇಗ. ಕಾಕಾಗೆ ಅದು ಬೇಕು, ನಮಗಿಂತ ಜಾಸ್ತಿ ಬೇಕು. ಮುಂದೆ ಉದ್ದನೆಯ ಬಾಯ್ಲರ್, ತಿರುವಿನಲ್ಲಿ ಡ್ರೈವರಿಗೆ ಸಿಗ್ನಲ್ಲೇ ಕಾಣದು, ಹೊಗೆ ಕೆಳಗಿಳಿದರೆ ಬೇರೆ ಕಡೆಯೂ ಕಾಣದು. ಆಚೆ ಬದಿಯಿಂದ ಫೈರ್‌ಮನ್ ಕೂಗಿ ಹೇಳಬೇಕು. "ನಾ ತಪ್ಪಿ ಕೂಗಿದ್ರ ಹಿಂದಿನ ಮಂದಿ ಗತಿ ಏನು?" ಅಂದರು.

ಅವತ್ತು ರಾತ್ರಿ ಇಂಗ್ಲೆಂಡಿನ ವುಟನ್ ಬ್ಯಾಸೆಟ್‌ನಲ್ಲಿ ನಡೆದದ್ದನ್ನು ಓದಿದೆ. 2015ರ ಮಾರ್ಚ್ 7ರಂದು ಉಗಿ ಇಂಜಿನ್ನಿನ ವಿಹಾರ ರೈಲೊಂದು ಕೆಂಪು ಸಿಗ್ನಲ್ ದಾಟಿ ಮುಂದೆ, ಜಂಕ್ಷನ್ ಮೇಲೆ ಹೋಗಿ ನಿಂತಿತು. ಒಂದು ನಿಮಿಷಕ್ಕೂ ಮೊದಲು ಅಲ್ಲೇ ಎಕ್ಸ್‌ಪ್ರೆಸ್ ಹಾದುಹೋಗಿತ್ತು. ರಕ್ಷಣಾ ಸಾಧನ ಇಂಜಿನ್ನಿನಲ್ಲಿತ್ತು. ಸ್ವಲ್ಪ ಮೊದಲು ಅದು ಬ್ರೇಕ್ ಹಾಕಿದ್ದಕ್ಕೆ, ಒಳಗಿದ್ದವರೇ ಒಂದು ಕಾಕ್ (ನಲ್ಲಿಯಂಥ ತಿರುಪು) ತಿರುಗಿಸಿ ಅದರ ಬಾಯಿ ಮುಚ್ಚಿಸಿದ್ದರು. ಓದಿ ಮೈ ಜುಂ ಅಂತು. ಇಂಥ ಸಾಧನದ ಪೆಟ್ಟಿಗೆ ಕೂರಿಸುವವನಿಗೆ ಇಂಜಿನ್ ಒಳಗೆ ನಿಂತು ಓಡಿಸುವ ಕಷ್ಟ ಗೊತ್ತಿರಬೇಕು, ಅಲ್ವಾ? ಗೊತ್ತಿಲ್ಲದೆ ಕೂರಿಸಿದರೆ ಓಡಿಸುವವನು ಅದನ್ನು ಪೀಡೆ ಅಂತಲೇ ನೋಡುತ್ತಾನೆ.

ಕಟ್ಟೆ ಮೇಲೆ ಬಣ್ಣ ಬಳಿದು ನಿಲ್ಲಿಸಿದ ಇಂಜಿನ್ ನೋಡಿದರೆ ನನಗೆ ಸಂಕಟ. ಅವು ಓಡಬೇಕು, ನಮ್ಮ ಮಕ್ಕಳು ಅದರ ಹಿಂದೆ ಕೂರಬೇಕು. ಹಾಗಾಗಿಯೇ ನಿನ್ನೆ ಹುಡುಗನಿಗೆ ಫೋನ್ ಮಾಡಿದೆ. ಹರಿಯಾಣದ ರೇವಾಡಿ ಶೆಡ್‌ನಲ್ಲಿ ಇನ್ನೂ ಬೆಂಕಿ ಹಾಕುವ ಉಗಿ ಇಂಜಿನ್‌ಗಳಿವೆ. ರಜೆ ಹಾಕಿ ಹೋಗು, ಕಾಕಾನನ್ನೂ ಕರ್ಕೊಂಡು ಹೋಗು, ಟಿಕೆಟ್ ನಾನು ತೆಗೆಸ್ತೀನಿ ಅಂದೆ.