ರೌರು ಕಟ್ಟಿದ್ದು ಮೊದಲ ಹೈರೂಲೇ?

‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’ 2023ರಲ್ಲಿ ಬಂದಾಗಿನಿಂದ ಜೆಲ್ಡಾ ವಿಡಿಯೊ ಗೇಮ್ ಸರಣಿಯ ಅಭಿಮಾನಿಗಳ ವಾದ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಅದರಲ್ಲಿ ರಾಜ ರೌರು ಮತ್ತು ರಾಣಿ ಸೋನಿಯಾ ಕಟ್ಟುವ ಹೈರೂಲ್, ಅಂದರೆ ಸರಣಿಯ ಕಥೆ ನಡೆಯುವ ರಾಜ್ಯ, ಮೊಟ್ಟಮೊದಲನೆಯದೋ, ಹಳೆಯದು ಅಳಿದ ಎಷ್ಟೋ ಕಾಲದ ಮೇಲೆ ಅದೇ ಹೆಸರಲ್ಲಿ ಎದ್ದದ್ದೋ? ನಾನು ಎರಡನೆಯ ಪಕ್ಷ. ಕಾರಣ ರೀಟೊಗಳು, ಅಂದರೆ ಹಕ್ಕಿಯಂಥ ರೆಕ್ಕೆಯ ಜನ.

ಸರಣಿಯ ಹಳೆಯ ಗೇಮ್ ‘ವಿಂಡ್ ವೇಕರ್’ನಲ್ಲಿ ಹೈರೂಲ್ ಕಡಲಡಿ ಸೇರಿದೆ. ಅಲ್ಲಿ ಹಳೆಯ ಸೇಜ್ (ದೈವಶಕ್ತಿಯ ಋಷಿ) ಲರುಟೊ ಝೋರಾ, ಅಂದರೆ ನೀರಿನ ಜನಾಂಗದವಳು. ಅವಳ ವಂಶದ ಮೆಡ್ಲಿ ರೀಟೊ. ಅಂದರೆ ಝೋರಾ ಕುಲದಿಂದಲೇ ರೆಕ್ಕೆಯ ಜನ ಬಂದರು. ಇತ್ತ ರೌರು ಕಾಲದ ಗಾಳಿಯ ಸೇಜ್ ಕೂಡ ರೀಟೊ. ಆ ಕಾಲವನ್ನು, ‘ವಿಂಡ್ ವೇಕರ್’ ಕಥೆಗೂ ಮೊದಲು ನಡೆಯುವ ‘ಓಕರಿನಾ ಆಫ್ ಟೈಮ್’ಗಿಂತ ಹಿಂದಕ್ಕೆ ತಳ್ಳಿದರೆ, ಹುಟ್ಟುವ ಮೊದಲೇ ರೀಟೊಗಳು ಇದ್ದಂತಾಯಿತು. ಇವರು ಬೇರೆ ಮೂಲದವರು ಎಂದು ಎದುರು ಪಕ್ಷ ಹೇಳಬಹುದು, ಆದರೆ ಅದಕ್ಕೆ ಗೇಮ್‌ನೊಳಗೆ ಒಂದು ಸಾಲಿನ ಆಧಾರವೂ ಸಿಗುವುದಿಲ್ಲ. ಖಳನಾಯಕ ಗ್ಯಾನನ್‌ಡಾರ್ಫ್ ರೌರು ಕಾಲದಲ್ಲೂ ಇದ್ದಾನೆ, ಓಕರಿನಾದಲ್ಲೂ ಇದ್ದಾನೆ. ಆದರೆ ‘ಏಕಕಾಲಕ್ಕೆ ಇಬ್ಬರು ಗ್ಯಾನನ್‌ಡಾರ್ಫ್ ಇರಲಾರರು’ ಎಂಬ ವಾದವನ್ನು ಮಾತ್ರ ನಾನು ಬಳಸುವುದಿಲ್ಲ. ಅವನ ಕುಲವಾದ ಗೆರುಡೊಗಳಲ್ಲಿ ನೂರು ವರ್ಷಕ್ಕೊಬ್ಬ ಗಂಡು ಹುಟ್ಟುತ್ತಾನೆ. ಒಬ್ಬ ಕೋಟೆಯಡಿ ಸೆರೆಯಲ್ಲಿರುವಾಗ ಇನ್ನೊಬ್ಬ ಹುಟ್ಟಲು ಅಡ್ಡಿಯೇನಿಲ್ಲ.

ಈ ಹೈರೂಲ್ ಸರಣಿಯ ಕಾಲರೇಖೆಯ ಯಾವ ಕವಲಿನದು ಎಂಬುದು ಇನ್ನೂ ಕಗ್ಗಂಟು. 2011ರ ಅಧಿಕೃತ ಪುಸ್ತಕ ‘ಹೈರೂಲ್ ಹಿಸ್ಟೋರಿಯಾ’ ಪ್ರಕಾರ ಓಕರಿನಾದ ನಂತರ ಮೂರು ಕವಲು: ನಾಯಕ ಲಿಂಕ್ ಸೋತದ್ದು, ಗೆದ್ದು ಬಾಲ್ಯಕ್ಕೆ ಮರಳಿದ್ದು, ಅವನು ಹೋದ ಮೇಲೆ ಉಳಿದ ಜಗತ್ತು. ‘ಟಿಯರ್ಸ್’ಗೆ ಹಿಂದಿನ ಭಾಗವಾದ ‘ಬ್ರೆತ್ ಆಫ್ ದಿ ವೈಲ್ಡ್’ ಮೂರಕ್ಕೂ ಕೈ ಚಾಚುತ್ತದೆ. ಕಲ್ಲುಪ್ಪಿನ ವಿವರಣೆಯಲ್ಲಿ ಪ್ರಾಚೀನ ಕಡಲು ಬರುತ್ತದೆ, ಅದು ಮೂರನೆಯ ಕವಲಿನ ಪ್ರವಾಹದ ನೆನಪು. ಲಿಂಕ್‌ನನ್ನು ಹರಸುವ ರಾಜಕುಮಾರಿ ಜೆಲ್ಡಾಳ ಮಾತಿನಲ್ಲಿ ಮುಸ್ಸಂಜೆಯ ಸುಳಿವಿದೆ, ಅದು ‘ಟ್ವೈಲೈಟ್ ಪ್ರಿನ್ಸೆಸ್’ ಗೇಮ್ ಸೇರುವ ಎರಡನೆಯ ಕವಲು. ಝೋರಾ ಶಿಲಾಫಲಕವಂತೂ ಓಕರಿನಾದ ಝೋರಾ ರಾಜಕುಮಾರಿ ರೂಟೊ ಸೇಜ್ ಆಗಿ ಹೋರಾಡಿದಳು ಎನ್ನುತ್ತದೆ. ಬಾಲ್ಯದ ಕವಲಿನಲ್ಲಿ ಅವಳು ಸೇಜ್ ಆಗಿ ಎಚ್ಚೆತ್ತದ್ದೇ ಇಲ್ಲ!

ಹಾಗಾಗಿ ಕುರುಹುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಕಥೆಯ ದೃಶ್ಯ ಮತ್ತು ಫಲಕದ ಬರಹಕ್ಕೆ ಮೊದಲ ಬೆಲೆ, ವಸ್ತುವಿನ ವಿವರಣೆಗೆ ಆಮೇಲೆ. ಊರು, ಕೆರೆ, ಸೇತುವೆಗಳ ಹೆಸರು ಹಳೆಯ ಗೇಮ್‌ಗಳಿಗೆ ಸಲ್ಲಿಸಿದ ಗೌರವವಷ್ಟೇ. ಅಮೀಬೊ (ನಿಂಟೆಂಡೊ ಮಾರುವ ಆಟಿಕೆ ಬೊಂಬೆ) ಬಳಸಿದರೆ ಸಿಗುವ ಉಡುಪುಗಳಂತೂ ಬೇಡವೇ ಬೇಡ. ಇಂಗ್ಲಿಷ್ ಸಾಲೊಂದರ ಮೇಲೆ ಇಡೀ ವಾದ ನಿಂತಿದ್ದರೆ ಜಪಾನೀ ಪಠ್ಯವನ್ನೂ ತೆರೆದು ನೋಡಿ, ಏಕೆಂದರೆ ಅನುವಾದದಲ್ಲಿ ಹೊಸ ಸುಳಿವು ಹುಟ್ಟುವುದೂ ಉಂಟು, ಇದ್ದದ್ದು ಮಾಯವಾಗುವುದೂ ಉಂಟು.