ಸುರೇಂದ್ರನಾಥ ಅನ್ನೋಕೆ ಅಷ್ಟು ಕಷ್ಟವಾ?

ಕೊಲೆಗಾರ ಯಾರು ಅನ್ನೋದು ನನಗೆ ಮುಕ್ಕಾಲು ಭಾಗ ಓದುವಾಗಲೇ ಅಂದಾಜಾಗಿತ್ತು. ಆದರೂ ಅಬೀರ್ ಮುಖರ್ಜಿಯವರ ‘ಎ ರೈಸಿಂಗ್ ಮ್ಯಾನ್’ ಕಾದಂಬರಿಯನ್ನು ಪೂರ್ತಿ ಓದಿದೆ. ಕಾರಣ, ಅದರಲ್ಲಿ ಬರುವ ಒಬ್ಬ ಸಾರ್ಜೆಂಟಿನ ಹೆಸರು.

1919ರ ಏಪ್ರಿಲ್, ಕಲ್ಕತ್ತಾ. ಬಿಳಿಯರು ಕಾಲಿಡಲು ಮೂಗು ಮುರಿಯುವ ಬ್ಲ್ಯಾಕ್ ಟೌನಿನಲ್ಲಿ ಬ್ರಿಟಿಷ್ ಸರ್ಕಾರದ ದೊಡ್ಡ ಅಧಿಕಾರಿಯೊಬ್ಬನ ಹೆಣ ಬಿದ್ದಿದೆ. ಮೈಮೇಲೆ ಪಾರ್ಟಿಗೆ ಹಾಕುವ ಸೂಟು. ಬಾಯಲ್ಲಿ ತುರುಕಿದ ಚೀಟಿ: ಇಂಡಿಯಾ ಬಿಟ್ಟು ತೊಲಗಿ, ಇಲ್ಲದಿದ್ದರೆ ನೋಡಿ ಅಂತ. ಪತ್ತೆ ಮಾಡಲು ಬರುವವನು ಕ್ಯಾಪ್ಟನ್ ವಿಂಡಮ್. ಲಂಡನ್ನಿನಿಂದ ಈಗಷ್ಟೇ ಬಂದವನು. ಯುದ್ಧದಲ್ಲಿ ಬೆಂದವನು, ಹೆಂಡತಿಯನ್ನು ಕಳೆದುಕೊಂಡವನು, ಅಫೀಮಿಗೆ ಬಿದ್ದವನು. (ದುಃಖ ಸ್ವಲ್ಪ ಜಾಸ್ತಿಯಾಯ್ತು ಅನಿಸಿತು.)

ಅವನ ಕೈಕೆಳಗಿನ ಸಾರ್ಜೆಂಟ್ ಸುರೇಂದ್ರನಾಥ ಬ್ಯಾನರ್ಜಿ. ಕೇಂಬ್ರಿಜ್‌ನಲ್ಲಿ ಓದಿದ ಬಂಗಾಳಿ ಹುಡುಗ. ಆದರೆ ಡಿಗ್ಬಿ ಅನ್ನೋ ಬಿಳಿಯ ಅಧಿಕಾರಿಗೆ ಸುರೇಂದ್ರನಾಥ ಅನ್ನೋಕೆ ಬರಲಿಲ್ಲವಂತೆ. ‘ಸರೆಂಡರ್-ನಾಟ್’ ಅಂದ. ಅದೇ ನಿಂತಿತು. ಇಂದ್ರನ ಹೆಸರು ಹೋಗಿ ‘ಶರಣಾಗಬೇಡ’ ಅಂತಾಯ್ತು. ಅದೂ ಬ್ರಿಟಿಷರ ಪೊಲೀಸಿನಲ್ಲಿರುವ ಭಾರತೀಯನಿಗೆ!

ಓದಿ ಜೋರಾಗಿ ನಕ್ಕೆ. ಆಮೇಲೆ ನಗು ನಿಂತಿತು. ನನ್ನ ಹೆಸರು ಶ್ರೀಕಂಠೇಶ್ವರ. ಕೆಲಸಕ್ಕೆ ಸೇರಿದ ವಾರ ಫೋನಿನ ಆ ಕಡೆ ಇದ್ದವರು ಎರಡು ಸಲ ತಡವರಿಸಿ, “ಶ್ರೀ ಅಂದ್ರೆ ನಡೆಯುತ್ತಾ?” ಅಂದರು. ನಡೆಯುತ್ತೆ ಅಂದೆ. ಏಳು ವರ್ಷದಿಂದ ನಡೀತಾನೇ ಇದೆ. ಡಿಗ್ಬಿ ಹಾಗೆ ಕೇಳಲೂ ಇಲ್ಲ, ಅಷ್ಟೇ ವ್ಯತ್ಯಾಸ. ವಿಂಡಮ್ ಒಳ್ಳೆಯವನು, ಹುಡುಗನ ಬುದ್ಧಿಯನ್ನು ಮೆಚ್ಚುತ್ತಾನೆ. ಆದರೆ ಅವನೂ ಕರೆಯೋದು ಸರೆಂಡರ್-ನಾಟ್ ಅಂತಲೇ. ಡಿಗ್ಬಿಗಿಂತ ಇವನ ಮೇಲೇ ನನಗೆ ಸಿಟ್ಟು ಬಂತು.

ಇನ್ನೊಂದು ವಿಷಯ. ಪತ್ತೇದಾರಿ ಕಥೆ ಅಂದ್ರೆ ಸಾಕ್ಷಿ ಹುಡುಕೋದು, ಅಲ್ವಾ? ಆದರೆ ಅದೇ ವರ್ಷದ ಮಾರ್ಚ್‌ನಲ್ಲಿ ರೌಲಟ್ ಕಾಯ್ದೆ ಬಂದಿದೆ. ಅನುಮಾನ ಬಂದರೆ ಸಾಕು, ವಿಚಾರಣೆಯೇ ಇಲ್ಲದೆ ಒಳಗೆ ಹಾಕಬಹುದು. ಅಂಥ ಊರಲ್ಲಿ ಒಬ್ಬ ಪೊಲೀಸು ಕೂತು ‘ನಿಜಕ್ಕೂ ಕೊಂದವರು ಯಾರು’ ಅಂತ ತಲೆ ಕೆಡಿಸಿಕೊಳ್ಳುತ್ತಾನೆ. ಸಿಕ್ಕಿಬಿದ್ದ ಕ್ರಾಂತಿಕಾರಿಯ ಮೇಲೆ ಹೊರಿಸಿ ಫೈಲು ಮುಚ್ಚಿದರೆ ಮೇಲಿನವರಿಗೆಲ್ಲ ಖುಷಿ. ಹಾಗಾಗಿ ಒಂದೊಂದು ಸಣ್ಣ ಸುಳಿವು ಸಿಕ್ಕಾಗಲೂ ನನಗೆ ‘ಸಿಕ್ಕಿ ಏನು ಉಪಯೋಗ’ ಅನ್ನೋ ಭಯ. ಕಥೆಯ ಬಿಗಿ ಇರೋದು ಅಲ್ಲೇ.

ಜೊತೆಗೆ ನಾನು ಮನಸ್ಸಲ್ಲೇ ದಿನ ಎಣಿಸುತ್ತಿದ್ದೆ. ಅದೇ ಏಪ್ರಿಲ್ 13ಕ್ಕೆ ಅಮೃತಸರದ ಜಲಿಯನ್‌ವಾಲಾ ಬಾಗ್. ಸರ್ಕಾರ ಒಪ್ಪಿಕೊಂಡ ಲೆಕ್ಕವೇ 379 ಹೆಣ. ಕಲ್ಕತ್ತಾದಲ್ಲಿ ಇವರು ಒಂದು ಹೆಣದ ಹಿಂದೆ ಓಡುತ್ತಿದ್ದಾರೆ.

ಪ್ರೀತಿಯ ಎಳೆ ಸುಮ್ನೆ ಎಳೆದಂತಿದೆ. ಆ ಪುಟಗಳನ್ನು ಓಡಿಸಿಕೊಂಡು ಓದಿದೆ.

ಸರಣಿಯ ಎರಡನೆಯದನ್ನು ತರಿಸಿಕೊಂಡಿದ್ದೇನೆ. ಕೊಲೆ ಯಾರದ್ದೇ ಆಗಲಿ, ವಿಂಡಮ್‌ಗೆ ‘ಸುರೇಂದ್ರನಾಥ’ ಅನ್ನೋಕೆ ನಾಲಿಗೆ ಹೊರಳುತ್ತಾ ಅಂತ ನೋಡಬೇಕು.