ಬಳೆಗೆ ಕರ್ಚೀಫು ಸುತ್ತಿ ರೇಡಿಯೋದಲ್ಲಿ

ಚಿತ್ರದುರ್ಗದ ಸಂತೆಹೊಂಡದ ಹತ್ತಿರ ನನ್ನ ಹೊಲಿಗೆ ಅಂಗಡಿ. ಅಂಗಡಿಯಲ್ಲಿ ದಿನವಿಡೀ ಎರಡೇ ಸದ್ದು. ಒಂದು ಮೆಷಿನ್ನು, ಇನ್ನೊಂದು 102.6, ನಮ್ಮ ದುರ್ಗದ ಆಕಾಶವಾಣಿ. ರೇಡಿಯೋ ಪೆಟ್ಟಿಗೆ ಕೆಟ್ಟು ಎಷ್ಟೋ ಕಾಲವಾಯಿತು. ಈಗ ಕೀಪ್ಯಾಡ್ ಫೋನಿನಲ್ಲೇ ಕೇಳುತ್ತೇನೆ. ಇಯರ್‌ಫೋನ್ ಚುಚ್ಚಿದರೆ ಮಾತ್ರ ಹಾಡುತ್ತದೆ, ಅದರ ವೈರೇ ಏರಿಯಲ್ ಅಲ್ವಾ? ಹಾಗಾಗಿ ವೈರನ್ನು ಕಿಟಕಿಯ ಮೊಳೆಗೆ ನೇತುಹಾಕಿ ಸ್ಪೀಕರ್ ಹಾಕಿಬಿಡುತ್ತೇನೆ. ಗಿರಾಕಿಗಳು ನೋಡಿ ನಗುತ್ತಾರೆ. ನಗಲಿ.

ಕಾರ್ಯಕ್ರಮ ಇಷ್ಟವಾದರೆ ಕಾರ್ಡು ಬರೆದು ಹಾಕುವ ಅಭ್ಯಾಸ ನನಗೆ ಮೊದಲಿಂದಲೂ ಇದೆ. ಅದೇ ನನ್ನನ್ನು ಸ್ಟುಡಿಯೋವರೆಗೆ ಕರೆದುಕೊಂಡು ಹೋಯಿತು. ಫೆಬ್ರುವರಿ 13 ವಿಶ್ವ ರೇಡಿಯೋ ದಿನ. ವಿಶ್ವಸಂಸ್ಥೆಯ ರೇಡಿಯೋ 1946ರಲ್ಲಿ ಅದೇ ತಾರೀಖು ಶುರುವಾಗಿದ್ದಂತೆ. ಆ ದಿನದ ಫೋನ್ ಇನ್‌ನಲ್ಲಿ ಕೇಳುಗರೊಬ್ಬರೇ ಸ್ವಲ್ಪ ಹೊತ್ತು ಹಾಡು ಹಾಕಲಿ, ಕರೆ ತೆಗೆದುಕೊಳ್ಳಲಿ ಅಂತ ಆಕಾಶವಾಣಿಯವರು ಯೋಚಿಸಿದ್ದರು. "ನೀವು ಬರ್ತೀರೇನ್ರಿ?" ಅಂತ ಫೋನು ಬಂತು. ಹೂಂ ಅಂದೆ. ನಮ್ಮನೆಯವರು ಮಾತ್ರ, "ಮನೇಲಿ ಮಾತಾಡಿದಂಗೆ ಅಲ್ಲಿ ಮಾತಾಡಬೇಡ, ಮೈಕು ಒಡೆದು ಹೋದೀತು" ಅಂದರು.

ಸ್ಟುಡಿಯೋ ಬಾಗಿಲು ಮುಚ್ಚಿದ ಕೂಡಲೇ ಹೊರಗಿನ ಊರೇ ಇಲ್ಲವಾಯಿತು. ಬಸ್ಸಿನ ಹಾರ್ನ್ ಇಲ್ಲ, ನಾಯಿ ಬೊಗಳಾಟ ಇಲ್ಲ. ಉದ್ಘೋಷಕಿ ಮೇಡಂ ಮೊದಲು ನೋಡಿದ್ದು ನನ್ನ ಕೈ. ಹಬ್ಬಕ್ಕೆ ಹೋಗುವ ಹಾಗೆ ಎರಡೂ ಕೈ ತುಂಬ ಗಾಜಿನ ಬಳೆ ಹಾಕಿಕೊಂಡಿದ್ದೆ. "ಬಳೆ ಸದ್ದು ಮೈಕಿಗೆ ಬರುತ್ತೆ ಅಕ್ಕ" ಅಂದರು. ತೆಗೆಯಿರಿ ಅಂತ ಹೇಳಲು ಅವರಿಗೂ ಬಾಯಿ ಬರಲಿಲ್ಲ, ತೆಗೆಯಲು ನನಗೂ ಮನಸ್ಸು ಬರಲಿಲ್ಲ. ಕೊನೆಗೆ ಅವರೇ ಬ್ಯಾಗಿನಿಂದ ಕರ್ಚೀಫು ತೆಗೆದು ಒಂದು ಕೈಗೆ ಸುತ್ತಿದರು. ಇನ್ನೊಂದು ಕೈಗೆ ನನ್ನ ಸೆರಗೇ ಆಯಿತು. ಈ ವೇಷದಲ್ಲಿ ನನ್ನನ್ನು ಯಾರೂ ನೋಡುವುದಿಲ್ಲ ಅನ್ನೋದೇ ರೇಡಿಯೋದ ದೊಡ್ಡ ಸುಖ.

ಆಮೇಲೆ ಪಾಠ. ಮೈಕಿಗೂ ಬಾಯಿಗೂ ಒಂದು ಗೇಣು ಇರಲಿ. ಮುಖ ಚೂರು ಓರೆ ಇಟ್ಟುಕೊಳ್ಳಿ, ಇಲ್ಲಾಂದ್ರೆ ಪ, ಭ ಅನ್ನುವಾಗ ಉಸಿರು ಬಡಿದು ಡಬ್ ಅನ್ನುತ್ತೆ. ಅಂಗಡಿ ಹೆಸರು, ಪಕ್ಷದ ಹೆಸರು ಹೇಳಬೇಡಿ. ಫೇಡರ್, ಅಂದರೆ ದನಿ ಏರಿಸಿ ಇಳಿಸುವ ಗುಂಡಿ, ಮೇಲೆತ್ತಿ ಮೈಕು ಶುರುವಾದರೆ ಕೋಣೆಯ ಸ್ಪೀಕರ್ ತಾನಾಗಿ ಬಂದ್ ಆಗುತ್ತೆ, ಆಗ ಹೆಡ್‌ಫೋನ್ ಒಂದೇ ಗತಿ. ಹೆಡ್‌ಫೋನಿನಲ್ಲಿ ನನ್ನದೇ ದನಿ ಕೇಳಿ, ಯಾರಪ್ಪ ಈ ಹೆಂಗಸು ಅನ್ನಿಸಿತು.

ಕೆಂಪು ದೀಪ ಹತ್ತಿತು. "ನಮಸ್ಕಾರ" ಅಂದೆ. ಮೊದಲ ಕರೆ ಹೊಸದುರ್ಗದ ಕಡೆಯ ಹುಡುಗನದು. ಹಲೋ ಅಂದನೋ ಇಲ್ಲವೋ, ಕುಂಯ್ ಅಂತ ಸೀಟಿ. ಪಕ್ಕದಲ್ಲೇ ರೇಡಿಯೋ ಜೋರಾಗಿ ಇಟ್ಟುಕೊಂಡಿದ್ದ. ಅದರ ಸದ್ದು ಫೋನಿಗೆ ಬಂದು, ಫೋನಿಂದ ಇಲ್ಲಿಗೆ ಬಂದು, ಇಲ್ಲಿಂದ ಮತ್ತೆ ಅವನ ರೇಡಿಯೋಗೇ ಹೋಗುತ್ತಿತ್ತು. "ರೇಡಿಯೋ ಸೌಂಡ್ ಕಡಿಮೆ ಮಾಡಪ್ಪ" ಅಂದೆ. ಆ ಮಾತನ್ನು ಜೀವಮಾನದಲ್ಲಿ ಒಮ್ಮೆಯಾದರೂ ಹೇಳಬೇಕು ಅಂತ ಆಸೆ ಇತ್ತು ನೋಡಿ!

ಮೂರನೆಯದೋ ನಾಲ್ಕನೆಯದೋ ಕರೆ ಮೊಳಕಾಲ್ಮುರಿನಿಂದ. ರೇಷ್ಮೆ ಸೀರೆ ನೇಯುವವರು. ಮಾತಿನ ಹಿಂದೆ ಕಟಕ್ ಕಟಕ್ ಅಂತ ಮಗ್ಗದ ಸದ್ದು. "ತಾಳ್ರಿ ಅಕ್ಕಾರೆ, ನಮ್ಮ ತಮ್ಮನಿಗೆ ನಿಲ್ಸು ಅಂತೀನಿ" ಅಂದರು. ಬೇಡ ಅಂದೆ. ಬಾಯಿಗೆ ಬಂದೇಬಿಟ್ಟಿತು. ಮೇಡಂ ಮುಖ ನೋಡಿದೆ, ಅವರು ಆಗಲಿ ಅಂತ ತಲೆಯಾಡಿಸಿದರು. ನನ್ನ ಬಳೆಗೆ ಬಟ್ಟೆ ಸುತ್ತಿದ ಕೋಣೆಯಲ್ಲೇ ಆ ಮಗ್ಗದ ಸದ್ದು ಧಾರಾಳವಾಗಿ ಹೊರಟಿತು. ನೇಯುವಾಗ ರೇಡಿಯೋ ಕೇಳಿಸುತ್ತದಾ ಅಂತ ಕೇಳಿದೆ. "ಹಾಡು ಅರ್ಧ ಕೇಳ್ತೈತ್ರಿ, ಇನ್ನರ್ಧ ನಾವೇ ಹಾಡ್ಕಂತೀವಿ" ಅಂದರು. ಮೆಷಿನ್ ತುಳಿಯುವ ನನಗೆ ಅದನ್ನು ಬಿಡಿಸಿ ಹೇಳಬೇಕಾ? ಅವರು ಕೇಳಿದ್ದು ಅಣ್ಣಾವ್ರ ಹಾಡು, ಅವರ ತಾಯಿಗೋಸ್ಕರ. ನಿಜ ಹೇಳಬೇಕೆಂದರೆ ಹಾಡಿಗಿಂತ ಆ ಒಂದು ನಿಮಿಷದ ಕಟಕ್ ಕಟಕ್ ನನಗೆ ಜಾಸ್ತಿ ಇಷ್ಟವಾಯಿತು.

ಹಾಡು ಹೋಗುತ್ತಿರುವಾಗ ಮೇಡಂ ಒಂದು ವಿಷಯ ಹೇಳಿದರು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅನ್ನೋ ಮನಶ್ಶಾಸ್ತ್ರದ ಪ್ರೊಫೆಸರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದ್ದರಂತೆ. ಹಾಗಾದರೆ ನನ್ನಂಥ ಮನೆಮಂದಿ ಮೈಕಿನ ಮುಂದೆ ಕೂರುವುದು ಹೊಸದೇನಲ್ಲ ಅಂದುಕೊಂಡೆ. ಎದೆ ಬಡಿತ ಸ್ವಲ್ಪ ಇಳಿಯಿತು.

ಇಳಿದದ್ದು ಮತ್ತೆ ಏರಿತು. ಕೊನೆಯ ಹಾಡು ಮುಗಿದಾಗ ಇನ್ನೂ ನಲವತ್ತು ಸೆಕೆಂಡು ಬಾಕಿ. ಆಮೇಲೆ ವಾರ್ತೆ. ಅದು ಬೇರೆ ಊರಿನಿಂದ ಬರುವುದು, ನಮಗಾಗಿ ಕಾಯುವುದಿಲ್ಲ, ಮೊದಲೇ ಬಾ ಅಂದರೂ ಬರುವುದಿಲ್ಲ. ಮೇಡಂ ಬೆರಳು ಸುತ್ತಿಸುತ್ತಾ ಮಾತಾಡಿ, ಮಾತಾಡಿ ಅಂತ ಸನ್ನೆ ಮಾಡಿದರು. ಬರೆದುಕೊಂಡು ಹೋಗಿದ್ದ ಚೀಟಿ ಖಾಲಿಯಾಗಿತ್ತು. ಬಾಯಿಗೆ ಬಂದದ್ದು ನನ್ನ ಕಸುಬು. "ಬ್ಲೌಸ್ ಹೊಲಿಯಲು ಕೊಟ್ಟು ಮರೆತಿರುವ ಅಕ್ಕ ತಂಗಿಯರೇ, ಯುಗಾದಿ ಹತ್ತಿರ ಬಂತು. ನಿಮ್ಮ ಟೈಲರ್ ಹತ್ತಿರ ಹೋಗಿ ಬಟ್ಟೆ ತಗೊಳ್ಳಿ, ಬಾಕಿ ಕೊಡಿ. ಅವರಿಗೂ ಹಬ್ಬ ಇದೆ" ಅಂದೆ. ಅಂಗಡಿ ಹೆಸರು ಹೇಳಲಿಲ್ಲ. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಲೇ ಫೇಡರ್ ಇಳಿಸಿದರು. ಸರಿಯಾಗಿ ವಾರ್ತೆ ಬಂತು.

ಮಾರನೇ ದಿನ ಅಂಗಡಿ ತೆರೆಯುವಷ್ಟರಲ್ಲಿ ಒಬ್ಬರು ಬಂದು ನಿಂತಿದ್ದರು. ದೀಪಾವಳಿಗೆ ಹೊಲಿಸಿದ ಬ್ಲೌಸು ಅವರದು.

"ಜಿಲ್ಲೆಗೆಲ್ಲ ಕೇಳೋ ಹಂಗೆ ಹೇಳಬೇಕಿತ್ತಾ?" ಅಂದರು.

"ನಿಮ್ಮ ಹೆಸರು ಹೇಳಲಿಲ್ಲವಲ್ಲ ಅಕ್ಕ."

"ಹೇಳಬೇಕಾ? ನಮ್ಮತ್ತೆ ರೇಡಿಯೋ ಮುಂದೆನೇ ಕೂತಿದ್ರು. ನಿನಗೇ ಕಣೆ ಹೇಳ್ತಿರೋದು ಅಂದ್ರು."

ಸೊಂಟದ ಚೀಲದಿಂದ ಬಾಕಿ ದುಡ್ಡು ಎಣಿಸಿ ಕೊಟ್ಟರು. ಆಮೇಲೆ ಬ್ಲೌಸು ಬಿಡಿಸಿ ನೋಡಿ, ತೋಳು ಬಿಗಿ ಅಂದರು.